ಆ ಪ್ರೋಗ್ರಾಂನಲ್ಲಿ ಲೂಪ್ ಎಲ್ಲಿದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಎಎಸ್/400 (ಐಬಿಎಂನ ವ್ಯಾಪಾರಿ ಕಂಪ್ಯೂಟರ್) ಸಪೋರ್ಟ್ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ನನಗೆ ಕೊಟ್ಟಿರುವ, ರಿಪೋರ್ಟ್ ತೆಗೆಯಲೆಂದೇ ಹುಟ್ಟಿದ ಆರ್‌ಪಿಜಿ ಭಾಷೆಯ ಹಳೇ ಪ್ರೋಗ್ರಾಂನಲ್ಲಿ ಫೈಲ್ ಓದುವ ಸಾಲೇ ಇಲ್ಲ, ಲೂಪೂ ಇಲ್ಲ. ಆದರೂ ಒಬ್ಬೊಬ್ಬ ಗ್ರಾಹಕರ ಟೋಟಲ್ ಸರಿಯಾಗಿ ಬರುತ್ತದೆ. "ಸೈಕಲ್ ಇದೆಯಲ್ಲ, ಹೊಸದನ್ನೂ ಹಾಗೇ ಬರಿ, ಸಾಲು ಕಡಿಮೆ" ಅನ್ನುತ್ತಾರೆ ಸೀನಿಯರ್. ಬರೆಯಲೇ?

ಉತ್ತರ: ಬೇಡ. ಆದರೆ ಹಳೇದನ್ನು ಓದುವಷ್ಟಾದರೂ ಸೈಕಲ್ ಕಲಿಯಿರಿ, ಬೇರೆ ದಾರಿಯಿಲ್ಲ.

ಲೂಪ್ ಇದೆ, ಕಂಪೈಲರ್ ಹಾಕಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಐಬಿಎಂ 1959ರಲ್ಲಿ 1401 ಕಂಪ್ಯೂಟರಿಗೆ ಆರ್‌ಪಿಜಿ ತಂದಾಗ ಜನ ಪಂಚ್ ಕಾರ್ಡ್ ಯಂತ್ರಕ್ಕೆ ಒಗ್ಗಿಹೋಗಿದ್ದರು. ಕಾರ್ಡ್ ಓದು, ಕೂಡು, ಅಚ್ಚು ಹಾಕು, ಮುಂದಿನ ಕಾರ್ಡ್. ಆ ಸುತ್ತನ್ನೇ ಭಾಷೆಯೊಳಗೆ ಇಟ್ಟರು, ಅದೇ ಸೈಕಲ್. ನಿಮ್ಮ ಎಫ್ ಸ್ಪೆಕ್‌ನಲ್ಲಿ, ಅಂದರೆ ಫೈಲ್‌ಗಳನ್ನು ಹೆಸರಿಸುವ ಸಾಲಿನಲ್ಲಿ, ಫೈಲ್ ಹೆಸರಿನ ಪಕ್ಕ 'ಐಪಿ' ಎಂದಿರುತ್ತದೆ, ನೋಡಿ. 'ಪಿ' ಅಂದರೆ ಪ್ರೈಮರಿ. ಆ ಒಂದಕ್ಷರವೇ ನಿಮ್ಮ ಲೂಪ್.

ಕಷ್ಟ ಶುರುವಾಗುವುದು ಟೋಟಲ್‌ನಲ್ಲಿ. ಗ್ರಾಹಕರ ನಂಬರಿಗೆ ಎಲ್1 ಕೊಟ್ಟಿರುತ್ತಾರೆ, ಅದು ನಂಬರ್ ಬದಲಾದದ್ದನ್ನು ತಿಳಿಸುವ ಆನ್-ಆಫ್ ಸೂಚಕ. ನಂಬರ್ 101 ಹೋಗಿ 102 ಬಂದ ಕೂಡಲೇ ಎಲ್1 ಆನ್ ಆಗುತ್ತದೆ. 102ರ ರೆಕಾರ್ಡ್ ಓದಿ ಆಗಿದೆ, ಆದರೆ ಫೀಲ್ಡ್‌ಗಳಲ್ಲಿ ಇನ್ನೂ 101ರ ಮಾಹಿತಿಯೇ ಕೂತಿರುತ್ತದೆ. ಟೋಟಲ್ ಕೆಲಸ ಮುಗಿದ ಮೇಲೆ ಹೊಸದು ಇಳಿಯುತ್ತದೆ. ಈಗ ಸಿ ಸ್ಪೆಕ್, ಅಂದರೆ ಲೆಕ್ಕದ ಸಾಲುಗಳನ್ನು ನೋಡಿ. ಎಲ್1 ಅನ್ನು 7-8ನೇ ಕಾಲಂನಲ್ಲಿ ಬರೆದರೆ ಆ ಸಾಲು ಓಡುವುದು 101ರ ಮಾಹಿತಿಯ ಮೇಲೆ. ಅದೇ ಎಲ್1 ಅನ್ನು 10-11ಕ್ಕೆ ಸರಿಸಿದರೆ 102ರ ಮೇಲೆ. ಎರಡೂ ಸುಮ್ನೆ ಕಂಪೈಲ್ ಆಗುತ್ತವೆ. ಈ ಮೂರು ಕಾಲಂ ವ್ಯತ್ಯಾಸ ಹುಡುಕುತ್ತಾ ನಾನೂ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಎಲ್‌ಆರ್, ಅಂದರೆ ಕೊನೆಯ ರೆಕಾರ್ಡ್ ಆಯಿತೆಂದು ಹೇಳುವ ಸೂಚಕ, ಎಡವಿ ಬೀಳುವ ಇನ್ನೊಂದು ಜಾಗ. ಅದನ್ನು ಆನ್ ಮಾಡದೆ ರಿಟರ್ನ್ ಆದರೆ ಪ್ರೋಗ್ರಾಂ ಮುಚ್ಚುವುದಿಲ್ಲ. ಮುಂದಿನ ಸಲ ಕರೆದಾಗ ವೇರಿಯಬಲ್‌ಗಳಲ್ಲಿ ಹಳೇ ಮೌಲ್ಯಗಳೇ ಇರುತ್ತವೆ. ಬೇಕೆಂದೇ ಹಾಗೆ ಬಿಡುವವರೂ ಇದ್ದಾರೆ, ವೇಗಕ್ಕಾಗಿ. ಮರೆತು ಬಿಟ್ಟಿದ್ದೋ ಬೇಕೆಂದು ಬಿಟ್ಟಿದ್ದೋ, ಕೋಡ್ ಓದಿದರೆ ತಿಳಿಯಬೇಕಲ್ವಾ?

ಹೊಸದನ್ನು ಕಾಲಂ ಲೆಕ್ಕವಿಲ್ಲದ ಫ್ರೀ ಫಾರ್ಮ್ಯಾಟ್‌ನಲ್ಲಿ, ಮೇನ್ (MAIN) ಕೀವರ್ಡ್ ಕೊಟ್ಟು ಬರೆಯಿರಿ. ಆಗ ಕಂಪೈಲರ್ ಸೈಕಲ್ ಸೇರಿಸುವುದೇ ಇಲ್ಲ. ಓದುವುದು, ಫೈಲ್ ಮುಗಿಯಿತೇ ಎಂದು ನೋಡುವುದು, ಹಿಂದಿನ ನಂಬರ್ ಜೊತೆ ಹೋಲಿಸುವುದು ಎಲ್ಲ ಕಣ್ಣಿಗೆ ಕಾಣುತ್ತದೆ. ಹತ್ತು ಸಾಲು ಜಾಸ್ತಿಯಾದರೆ ಆಗಲಿ. ಬರೀ ಟೋಟಲ್ ಸಾಕೆಂದರೆ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನ ಗ್ರೂಪ್ ಬೈ (GROUP BY) ಇದೆ.

ನಿಮ್ಮ ಸೀನಿಯರ್ ಮೆಚ್ಚುವ ಸೈಕಲ್‌ಗೆ ಒಂದು ಲಾಭವಂತೂ ಇದೆ. ಫೈಲ್ ಮುಗಿದಾಗ ಸೈಕಲ್ ಎಲ್‌ಆರ್ ಜೊತೆಗೆ ಎಲ್1ರಿಂದ ಎಲ್9ರವರೆಗಿನ ಸೂಚಕಗಳೆಲ್ಲವನ್ನೂ ತಾನೇ ಆನ್ ಮಾಡುತ್ತದೆ, ಕೊನೆಯ ಗ್ರಾಹಕರ ಟೋಟಲ್ ತಪ್ಪುವುದಿಲ್ಲ. ಕೈಯಾರೆ ಲೂಪ್ ಬರೆಯುವವರು ಮರೆಯುವುದು ಇದನ್ನೇ, ಲೂಪ್ ಮುಗಿದ ಮೇಲೆ ಇನ್ನೊಂದು ಸಲ ಟೋಟಲ್ ಹಾಕುವುದನ್ನು.

ಹಳೇದು ಓಡುತ್ತಿದ್ದರೆ ಕೈ ಹಾಕಬೇಡಿ. ಬದಲಿಸಲೇಬೇಕಾದ ದಿನ ಬಂದರೆ ಒಂದೇ ಫೈಲ್ ಕೊಟ್ಟು ಹಳೇ, ಹೊಸ ಪ್ರೋಗ್ರಾಂ ಎರಡರ ರಿಪೋರ್ಟ್ ತೆಗೆದು ಸಾಲು ಸಾಲಾಗಿ ಹೋಲಿಸಿ. ಖಾಲಿ ಫೈಲ್, ಒಬ್ಬರೇ ಗ್ರಾಹಕರಿರುವ ಫೈಲ್, ಎರಡನ್ನೂ ಓಡಿಸಿ ನೋಡಿ.