ರೈನ್ಸ್‌ಬರ್ಗ್‌ನ ಆ ಪುಟ್ಟ ಮನೆ: ಹೊಸದಾಗಿ ಬಂದ ತಂಗಿಗೆ

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ‘ಅಕ್ಕ’ ಅಂತ ಕರೆದಿದ್ದೀಯ, ಅದಕ್ಕೆ ‘ನೀನು’ ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನಿಗೆ ಬಂದು ನಾಲ್ಕು ತಿಂಗಳಾಯಿತು, ಆಫೀಸಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾರೆ, ಪಕ್ಕದ ಮನೆಯವರು ಒಂದು ಕಾಫಿಗೂ ಮೂರು ವಾರ ಆಚೆಯ ತಾರೀಖು ಕೊಡುತ್ತಾರೆ, ಮನೆಯಲ್ಲಿ ದೇವರ ಗೂಡು ಇಟ್ಟುಕೊಂಡರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಬೇರೆ ಅಂತ ಬರೆದಿದ್ದೀಯ. ಡಚ್ ಕ್ಲಾಸಿನ ಟೀಚರ್ ಸ್ಪಿನೋಜಾ, ಎರಾಸ್ಮಸ್ ಅಂತ ಈ ನಾಡಿನ ಹಳೆಯ ಚಿಂತಕರ ಒಂದಷ್ಟು ಹೆಸರು ಹೇಳಿದರು, ‘ಇವರನ್ನೆಲ್ಲ ತಿಳಿದುಕೊಂಡರೆ ಈ ಜನ ಅರ್ಥವಾಗುತ್ತಾರಾ ಅಕ್ಕ?’ ಅಂತ ಕೊನೆಯಲ್ಲಿ ಕೇಳಿದ್ದೀಯ.

ಬಾಡಿಗೆ, ಬ್ಯಾಂಕು, ಡಾಕ್ಟರ ವಿಚಾರ ಹೇಳಿಕೊಡುವವರು ನಿನಗೆ ಅಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಆ ಕೊನೆಯ ಪ್ರಶ್ನೆಗೇ ಉತ್ತರ ಬರೆಯುತ್ತೇನೆ. ಲೈಡನ್ನಿನಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಹೌದು ಮಾರಾಯ್ತಿ, ಅರ್ಥವಾಗುತ್ತಾರೆ. ನನಗಂತೂ ಹಾಗೇ ಅರ್ಥವಾದದ್ದು.

ಮೊದಲನೇ ವರ್ಷ ಒಂದು ಮೀಟಿಂಗಿನಲ್ಲಿ ನಾನು ಎರಡು ವಾರ ಕೂತು ಮಾಡಿದ ಕೆಲಸ ತೋರಿಸಿದೆ. ಸಹೋದ್ಯೋಗಿಯೊಬ್ಬ ಎಲ್ಲರ ಎದುರಿಗೆ ‘ನನಗೆ ಒಪ್ಪಿಗೆಯಿಲ್ಲ, ಇದು ನಡೆಯುವುದಿಲ್ಲ’ ಅಂದುಬಿಟ್ಟ. ಮುಂದೆ ಏನು ಹೇಳಿದನೋ ನನ್ನ ಕಿವಿಗೆ ಬೀಳಲೇ ಇಲ್ಲ. ಮಧ್ಯಾಹ್ನ ಅವನೇ ಕಾಫಿ ಹಿಡಿದುಕೊಂಡು ಬಂದು ‘ನಿನ್ನ ತಾಯಿಗೆ ಹುಷಾರಿಲ್ಲ ಅಂದಿದ್ದೆಯಲ್ಲ, ಈಗ ಹೇಗಿದ್ದಾರೆ?’ ಅಂತ ಕೇಳಿದ. ಬೆಳಿಗ್ಗೆ ಮರ್ಯಾದೆ ತೆಗೆದವನು ಮಧ್ಯಾಹ್ನ ಹೇಗೆ ಇಷ್ಟು ಅಕ್ಕರೆಯಿಂದ ಮಾತಾಡುತ್ತಾನೆ ಅಂತ ತಲೆಗೆ ಹೋಗಲಿಲ್ಲ. ಅವನ ಲೆಕ್ಕದಲ್ಲಿ ಬೆಳಿಗ್ಗೆ ಮಾತು ನಡೆದದ್ದು ನನ್ನ ಕೆಲಸದ ಬಗ್ಗೆ, ನನ್ನ ಬಗ್ಗೆ ಅಲ್ಲವೇ ಅಲ್ಲ. ಇದು ಹೊಳೆಯುವುದಕ್ಕೆ ನನಗೆ ತುಂಬ ದಿನ ಬೇಕಾಯಿತು.

ಆ ಚಳಿಗಾಲದ ಒಂದು ಶನಿವಾರ ಮನೆಯಲ್ಲಿ ಕೂರಲಾಗದೆ ಸೈಕಲ್ ಹತ್ತಿ ರೈನ್ಸ್‌ಬರ್ಗ್‌ಗೆ ಹೋದೆ. ಲೈಡನ್ನಿನ ಮಗ್ಗುಲಲ್ಲೇ ಇರುವ ಹೂವಿನ ವ್ಯಾಪಾರದ ಊರು. ಅಲ್ಲಿ ಇಟ್ಟಿಗೆಯ ಒಂದು ಪುಟ್ಟ ಮನೆಯಿದೆ. ಸ್ಪಿನೋಜಾ 1661ರಿಂದ 1663ರವರೆಗೆ ಅಲ್ಲಿ ಬಾಡಿಗೆಗಿದ್ದ. ಗೋಡೆಯ ಕಲ್ಲಿನ ಮೇಲೆ ನಾಲ್ಕು ಸಾಲು ಕೆತ್ತಿದ್ದಾರೆ. ಆಗಿನ್ನೂ ನನ್ನ ಡಚ್ ಅಷ್ಟಕ್ಕಷ್ಟೇ, ಮಳೆಯಲ್ಲಿ ನಿಂತು ಅಕ್ಷರ ಕೂಡಿಸಿಕೊಂಡು ಓದಿದೆ: ಅಯ್ಯೋ, ಮನುಷ್ಯರೆಲ್ಲ ವಿವೇಕಿಗಳಾಗಿದ್ದು ಮನಸ್ಸೂ ಒಳ್ಳೆಯದಾಗಿದ್ದಿದ್ದರೆ ಈ ಭೂಮಿ ಸ್ವರ್ಗವಾಗುತ್ತಿತ್ತು, ಈಗ ಬಹುಮಟ್ಟಿಗೆ ನರಕವೇ ಆಗಿದೆ. ಒಳಗೆ ಗಾಜು ಉಜ್ಜುವ ಚಕ್ರ, ಒಂದು ಕೋಣೆಯಲ್ಲಿ ಪುಸ್ತಕಗಳು. ಸ್ಪಿನೋಜಾ ಸತ್ತಾಗ ಅವನ ಹತ್ತಿರವಿದ್ದ ಸುಮಾರು 160 ಪುಸ್ತಕಗಳ ಪಟ್ಟಿ ಉಳಿದುಕೊಂಡಿತ್ತು. ಆ ಪಟ್ಟಿ ಹಿಡಿದು ಅದೇ ಪುಸ್ತಕಗಳನ್ನು ಹುಡುಕಿ ಜೋಡಿಸಿಟ್ಟಿದ್ದಾರೆ. 1920ರಲ್ಲಿ ಐನ್‌ಸ್ಟೈನ್ ಬಂದು ಸಂದರ್ಶಕರ ಪುಸ್ತಕದಲ್ಲಿ ಹಾಕಿದ ಸಹಿಯೂ ಇದೆ. ಆದರೆ ನನ್ನ ಕಣ್ಣು ಹೋದದ್ದು ಆ ಚಕ್ರದ ಮೇಲೆಯೇ.

ಯಾಕೆ ಅಂತ ಹೇಳುತ್ತೇನೆ. ಸ್ಪಿನೋಜಾ ಹುಟ್ಟಿದ್ದು 1632ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅವನ ಮನೆಯವರೂ ನಮ್ಮ ಹಾಗೆ ಹೊರಗಿನಿಂದ ಬಂದವರೇ, ಪೋರ್ಚುಗಲ್ಲಿನ ಕಿರುಕುಳದಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು. ಅಪ್ಪನದು ವ್ಯಾಪಾರ. 1656ರ ಜುಲೈ 27ರಂದು ಅವನ ಸಮುದಾಯದವರು ಇವನಿಗೆ ಬಹಿಷ್ಕಾರ ಹಾಕಿದರು. ವಯಸ್ಸು ಇನ್ನೂ 23. ಯಾರೂ ಅವನ ಜೊತೆ ಮಾತಾಡಕೂಡದು, ಪತ್ರ ಬರೆಯಕೂಡದು, ಒಂದೇ ಸೂರಿನಡಿ ಇರಕೂಡದು, ನಾಲ್ಕು ಮೊಳದ ಒಳಗೆ ಬರಕೂಡದು, ಅವನು ಬರೆದದ್ದನ್ನು ಓದಕೂಡದು. ಬಹಿಷ್ಕಾರ ಅಂದರೆ ಏನು ಅಂತ ನಮ್ಮ ಹಳ್ಳಿಗಳ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಹುಡುಗ ಕ್ಷಮೆ ಕೇಳಿ ವಾಪಸು ಹೋಗಲಿಲ್ಲ, ಬೇರೆ ಧರ್ಮಕ್ಕೂ ಸೇರಲಿಲ್ಲ. ದೂರದರ್ಶಕಕ್ಕೆ, ಸೂಕ್ಷ್ಮದರ್ಶಕಕ್ಕೆ ಬೇಕಾದ ಗಾಜು ಉಜ್ಜುತ್ತ ಬದುಕಿದ. ಗೆಳೆಯನೊಬ್ಬ ವರ್ಷಕ್ಕೆ 500 ಗಿಲ್ಡರ್ ಕೊಡುತ್ತೇನೆ ಅಂದಾಗ 300 ಸಾಕು ಅಂದ. 1673ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಪ್ರೊಫೆಸರ್ ಕೆಲಸ ಕೊಡಲು ಬಂದರೆ, ಯೋಚನೆ ಮಾಡುವ ಸ್ವಾತಂತ್ರ್ಯಕ್ಕೆ ಎಲ್ಲಿ ಅಡ್ಡಿಯಾಗುತ್ತದೋ ಅಂತ ಬೇಡವೆಂದ. 1677ರಲ್ಲಿ ಹೇಗ್‌ನ ಒಂದು ಬಾಡಿಗೆ ಕೋಣೆಯಲ್ಲಿ ಎದೆಯ ಕಾಯಿಲೆಯಿಂದ ತೀರಿಕೊಂಡಾಗ ಅವನಿಗೆ 44. ಬದುಕಿನ ದೊಡ್ಡ ಕೆಲಸ ‘ಎಥಿಕ್ಸ್’ ಅಚ್ಚಾದದ್ದು ಅವನು ಹೋದ ಮೇಲೆ, ಅದೂ ಪೂರ್ತಿ ಹೆಸರಿಲ್ಲದೆ, ಬರೀ ಮೊದಲಕ್ಷರಗಳಲ್ಲಿ.

ಅವನು ಹೇಳಿದ್ದು ಏನು? ದೇವರು ಲೋಕದ ಹೊರಗೆ ಕೂತು ಆಳುವ ರಾಜನಲ್ಲ, ಇರುವುದೆಲ್ಲ ಒಂದೇ, ಅದನ್ನು ದೇವರೆನ್ನು, ಪ್ರಕೃತಿಯೆನ್ನು. ಇದನ್ನು ಕೇಳಿದ ಕೂಡಲೇ ನಮ್ಮವರು ‘ಓ, ಇದು ನಮ್ಮ ಅದ್ವೈತವೇ’ ಅಂದುಬಿಡುತ್ತಾರೆ. ನಾನೂ ಹಾಗೆ ಅಂದವಳೇ. ಅವಸರ ಮಾಡಬೇಡ. ಸ್ಪಿನೋಜಾನಿಗೆ ಲೋಕ ಮಾಯೆಯಲ್ಲ. ಕಲ್ಲು, ಕಪ್ಪೆ, ಮನುಷ್ಯ ಎಲ್ಲವೂ ನಿಜ, ಒಂದೊಂದೂ ತನ್ನ ಇರವನ್ನು ಉಳಿಸಿಕೊಳ್ಳಲು ಹೆಣಗುತ್ತಿರುತ್ತದೆ. ನಡೆಯುವುದಕ್ಕೆಲ್ಲ ಕಾರಣವಿದೆ. ಒಂದು ಪತ್ರದಲ್ಲಿ ಅವನು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ: ಎಸೆದ ಕಲ್ಲಿಗೆ ಹಾರುತ್ತಿರುವಾಗ ಬುದ್ಧಿ ಬಂತು ಅಂತಿಟ್ಟುಕೋ, ‘ನಾನು ನನ್ನಿಷ್ಟದಂತೆ ಹಾರುತ್ತಿದ್ದೇನೆ’ ಅಂತಲೇ ಅದು ತಿಳಿಯುತ್ತದೆ. ನಮ್ಮ ಕೋಪ, ಅವಮಾನ, ಅಸೂಯೆಗಳ ಕಥೆಯೂ ಅದೇ. ಯಾರು ಎಸೆದರು, ಯಾಕೆ ಎಸೆದರು ಅಂತ ಸ್ಪಷ್ಟವಾಗಿ ಕಂಡರೆ ಆ ಭಾವನೆ ನಮ್ಮನ್ನು ಎಳೆದಾಡುವುದು ನಿಲ್ಲುತ್ತದೆ, ಬಿಡುಗಡೆ ಅಂದರೆ ಅದೇ ಅನ್ನುತ್ತಾನೆ. ಮನುಷ್ಯರು ಮಾಡುವುದನ್ನು ನೋಡಿ ನಗುವುದೂ ಬೇಡ, ಅಳುವುದೂ ಬೇಡ, ಹಳಿಯುವುದೂ ಬೇಡ, ಅರ್ಥಮಾಡಿಕೊಳ್ಳಬೇಕು ಅಂತ ಇನ್ನೊಂದು ಕಡೆ ಬರೆದಿದ್ದಾನೆ. ಅವತ್ತು ಆ ಚಕ್ರದ ಎದುರು ನಿಂತಾಗ ನನಗೆ ಮೀಟಿಂಗಿನ ಆ ಮಾತು ಬೇರೆಯಾಗಿ ಕೇಳಿಸಿತು. ಗಾಜಿನಲ್ಲಿ ಗೀರು ಉಳಿದರೆ ಕಾಣಬೇಕಾದ್ದು ಕಾಣುವುದಿಲ್ಲ. ಗೀರಿದೆ ಅಂತ ಹೇಳುವವನು ಉಜ್ಜಿದವಳ ವೈರಿಯಲ್ಲ.

ಇಲ್ಲಿಯವರೆಲ್ಲ ಸ್ಪಿನೋಜಾನನ್ನು ಓದಿದ್ದಾರೆ ಅಂತ ತಿಳಿಯಬೇಡ. ನಮ್ಮಲ್ಲಿ ಎಷ್ಟು ಜನ ಬ್ರಹ್ಮಸೂತ್ರ ಓದಿದ್ದಾರೆ? ಆದರೆ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವುದಕ್ಕೆ ಇಲ್ಲಿ ಒಂದು ಬೆಲೆ ಇದೆ, ಆ ಬೆಲೆಯನ್ನು ಯಾರೋ ತೆತ್ತಿದ್ದಾರೆ. ಆದ್ರಿಯಾನ್ ಕೂರ್ಬಾಖ್ ಅನ್ನುವವನ ಹೆಸರು ನಿಮ್ಮ ಟೀಚರ್ ಹೇಳಿರಲಿಕ್ಕಿಲ್ಲ. ವೈದ್ಯ, ವಕೀಲ, ಸ್ಪಿನೋಜಾನ ಗೆಳೆಯರ ಬಳಗದವನು. 1668ರಲ್ಲಿ ಒಂದು ನಿಘಂಟು ಬರೆದ. ಪಾದ್ರಿಗಳೂ ವಕೀಲರೂ ಜನರಿಗೆ ಅರ್ಥವಾಗದ ಪದಗಳ ಹಿಂದೆ ಅಡಗಿ ಕೂತಿದ್ದಾರೆ ಅನ್ನುವುದು ಅವನ ಸಿಟ್ಟು. ಒಂದೊಂದೇ ಪದ ಬಿಡಿಸಿ ಹೇಳುತ್ತ ಹೋದ. ‘ಬೈಬಲ್’ ಅಂದರೆ ಗ್ರೀಕ್‌ನಲ್ಲಿ ಬರೀ ‘ಪುಸ್ತಕ’ ಅಂತ ಬರೆದ. ಲ್ಯಾಟಿನ್ನಿನಲ್ಲಿ ಬರೆದಿದ್ದರೆ ನಾಲ್ಕು ಜನ ಪಂಡಿತರು ಓದಿ ಸುಮ್ಮನಾಗುತ್ತಿದ್ದರೇನೋ. ಅವನು ಡಚ್ಚಿನಲ್ಲಿ, ಮೀನು ಮಾರುವವರಿಗೂ ತಿಳಿಯುವ ಹಾಗೆ ಬರೆದ. ಓಡಿ ತಪ್ಪಿಸಿಕೊಂಡವನು ಕೊನೆಗೆ ನಮ್ಮ ಲೈಡನ್ನಿನಲ್ಲೇ ಸಿಕ್ಕಿಬಿದ್ದ. ಹತ್ತು ವರ್ಷ ಸೆರೆ, 4000 ಗಿಲ್ಡರ್ ದಂಡ. ಮರುವರ್ಷವೇ ಸೆರೆಯಲ್ಲಿ ಸತ್ತ. ಅವನ ಪಾಡನ್ನು ಸ್ಪಿನೋಜಾ ಬಲ್ಲ. 1670ರಲ್ಲಿ ಧರ್ಮ ಮತ್ತು ರಾಜ್ಯದ ಬಗ್ಗೆ ಬರೆದ ಪುಸ್ತಕವನ್ನು ಲ್ಯಾಟಿನ್ನಿನಲ್ಲೇ, ಹೆಸರಿಲ್ಲದೆ, ಹ್ಯಾಂಬರ್ಗ್‌ನಲ್ಲಿ ಅಚ್ಚಾಯಿತು ಅಂತ ಸುಳ್ಳು ವಿಳಾಸ ಹಾಕಿಸಿ ತಂದ. ಅದನ್ನು ಡಚ್ಚಿಗೆ ತರುತ್ತಿದ್ದಾರೆ ಅಂತ ಗೊತ್ತಾದಾಗ ನಿಲ್ಲಿಸಿ ಅಂತ ಗೆಳೆಯನಿಗೆ ಬರೆದ. ಅವನ ಮುದ್ರೆಯುಂಗುರದ ಮೇಲಿದ್ದ ಪದ ‘ಕಾವ್ತೆ’, ಅಂದರೆ ‘ಜೋಕೆ’. ಜೋಕೆಯಾಗಿ ಬರೆದರೂ 1674ರಲ್ಲಿ ಆ ಪುಸ್ತಕಕ್ಕೆ ನಿಷೇಧ ಬಂತು. ಪ್ರತಿಯೊಬ್ಬನಿಗೂ ತನಗೆ ಬೇಕಾದ್ದನ್ನು ಯೋಚಿಸುವ, ಯೋಚಿಸಿದ್ದನ್ನು ಹೇಳುವ ಹಕ್ಕಿರಬೇಕು, ಅದರಿಂದ ರಾಜ್ಯ ಕೆಡುವುದಿಲ್ಲ, ಅದಿಲ್ಲದಿದ್ದರೇ ಕೆಡುತ್ತದೆ ಅನ್ನುವುದು ಅದರ ತಿರುಳು.

ಇನ್ನು ನಿನ್ನ ದೇವರ ಗೂಡಿನ ವಿಚಾರ. ಆಮ್‌ಸ್ಟರ್‌ಡ್ಯಾಮಿನ ಹಳೇ ಪೇಟೆಯಲ್ಲಿ ಒಂದು ವರ್ತಕನ ಮನೆಯಿದೆ, ಹೊರಗಿನಿಂದ ಸಾಮಾನ್ಯ ಮನೆ. ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ಇಡೀ ಚರ್ಚು! 1663ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಆಗ ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡುವಂತಿರಲಿಲ್ಲ. ಆದರೆ ಅಟ್ಟದ ಮೇಲೆ ಮಾಡುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೋಗಿ ಬಾಗಿಲು ಬಡಿಯಲಿಲ್ಲ. ಕಾನೂನಿನಲ್ಲಿ ಇಲ್ಲದಿದ್ದರೂ ಕಂಡೂ ಕಾಣದ ಹಾಗೆ ಬಿಡುವುದಕ್ಕೆ ಇವರಲ್ಲಿ ‘ಖೆಡೋಖನ್’ ಅಂತ ಒಂದು ಪದವೇ ಇದೆ. ಅದು ಗೌರವ ಅಂತ ನಾನು ಹೇಳುವುದಿಲ್ಲ. ಅಟ್ಟದ ಮೇಲೆ ಬಚ್ಚಿಟ್ಟುಕೊಂಡು ಪೂಜೆ ಮಾಡುವವರಿಗೆ ಅದು ನೋವೇ. ಆದರೂ ಪಕ್ಕದ ರಾಜ್ಯಗಳಲ್ಲಿ ಧರ್ಮದ ಹೆಸರಿನಲ್ಲಿ ಕತ್ತಿ ಆಡುತ್ತಿದ್ದ ಕಾಲ ಅದು. ಇನ್ನೊಂದು ಮಾತು ಕೇಳು. ಹೇಗ್‌ನಲ್ಲಿ ಸ್ಪಿನೋಜಾ ಇದ್ದ ಮನೆಯ ಯಜಮಾನಿ ಒಮ್ಮೆ ಅವನನ್ನು ಕೇಳಿದಳಂತೆ, ‘ನನ್ನ ಧರ್ಮದಲ್ಲೇ ಇದ್ದರೆ ನನಗೆ ಸದ್ಗತಿ ಸಿಗುತ್ತದೆಯೇ?’ ಅಂತ. ನಾಸ್ತಿಕ ಅಂತ ಊರೆಲ್ಲ ಬೈಯುತ್ತಿದ್ದ ಆ ಮನುಷ್ಯ, ‘ನಿಮ್ಮ ಧರ್ಮ ಒಳ್ಳೆಯದೇ, ಬೇರೆ ಹುಡುಕಬೇಕಾಗಿಲ್ಲ, ಶಾಂತವಾಗಿ ಭಕ್ತಿಯಿಂದ ಬಾಳಿದರೆ ಸಾಕು’ ಅಂದನಂತೆ. ನೀನು ಧೈರ್ಯವಾಗಿ ದೀಪ ಹಚ್ಚು. ನಿನ್ನ ನೆರೆಯವರು ಏನಾದರೂ ಕೇಳಿದರೆ ಅದು ಕುತೂಹಲದಿಂದಲೇ ಇರುತ್ತದೆ, ನೇರವಾಗಿ ಉತ್ತರ ಹೇಳು.

ಇಲ್ಲಿಯ ಇನ್ನೊಬ್ಬ ದೊಡ್ಡ ಹೆಸರಿನವನು, ಕಾನೂನು ಪಂಡಿತ ಗ್ರೋಷಿಯಸ್‌ನ ಬಗ್ಗೆ ನನಗೆ ಇಷ್ಟು ಸಲೀಸಾಗಿ ಪ್ರೀತಿ ಬರುವುದಿಲ್ಲ. ನಾನು ಕುಂದಾಪುರದ ಕಡೆಯವಳು. 16ನೇ ಶತಮಾನದ ಕೊನೆಯ ಹೊತ್ತಿಗೆ ಮಂಗಳೂರು, ಬಸರೂರು, ಹೊನ್ನಾವರ ಮೂರು ಕಡೆಯೂ ಪೋರ್ಚುಗೀಸರ ಕೋಟೆಗಳಿದ್ದವು. ನಮ್ಮ ಕಡಲಲ್ಲಿ ನಮ್ಮ ಹಡಗು ಓಡಿಸಲಿಕ್ಕೆ ಅವರಿಂದ ಪರವಾನಗಿ ಚೀಟಿ ತೆಗೆದುಕೊಳ್ಳಬೇಕಿತ್ತು. ಡೆಲ್ಫ್ಟ್‌ನಲ್ಲಿ ಹುಟ್ಟಿ 11ನೇ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯ ಸೇರಿದ ಈ ಬುದ್ಧಿವಂತ 1609ರಲ್ಲಿ ‘ಮುಕ್ತ ಸಮುದ್ರ’ ಅನ್ನುವ ಪುಸ್ತಕ ತಂದ. ಕಡಲು ಯಾರ ಆಸ್ತಿಯೂ ಅಲ್ಲ, ಪೂರ್ವದ ಜನಕ್ಕೆ ಅವರದೇ ರಾಜರು, ಅವರದೇ ಕಾನೂನು, ಅವರದೇ ಸ್ವತ್ತು ಇದೆ, ಪೋರ್ಚುಗೀಸರು ಅವರ ಒಡೆಯರಲ್ಲ ಅಂತ ವಾದಿಸಿದ. ಓದುವಾಗ ನನಗೆ ಮೈ ಜುಮ್ಮೆಂದಿತ್ತು. ಆದರೆ ಆ ವಾದ ಹುಟ್ಟಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ, 1603ರಲ್ಲಿ ಅವರು ಹಿಡಿದ ‘ಸಾಂತಾ ಕತರಿನಾ’ ಅನ್ನುವ ಪೋರ್ಚುಗೀಸ್ ಹಡಗಿನ ಸಮರ್ಥನೆಗೆ. ರಾಜಕೀಯದಲ್ಲಿ ಸೋತು ಸೆರೆಯಾದ ಗ್ರೋಷಿಯಸ್ 1621ರಲ್ಲಿ, ಹೆಂಡತಿ ಮರಿಯಾಳ ಉಪಾಯದಿಂದ, ಪುಸ್ತಕದ ಪೆಟ್ಟಿಗೆಯೊಳಗೆ ಮಡಚಿಕೊಂಡು ಕೋಟೆಯಿಂದ ಪಾರಾದ. ಇಲ್ಲಿಯ ಮಕ್ಕಳಿಗೆಲ್ಲ ಆ ಕಥೆ ಗೊತ್ತು. ಅದೇ 1621ರಲ್ಲಿ ಅದೇ ಕಂಪನಿ ಜಾಯಿಕಾಯಿಯ ಆಸೆಗೆ ಈಗಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಜನರನ್ನು ಕೊಂದು ಹಾಕಿತು. ಎರಡನ್ನೂ ಒಟ್ಟಿಗೆ ನೆನಪಿಡು. ಅಂತರರಾಷ್ಟ್ರೀಯ ಕಾನೂನಿನ ಬುನಾದಿ ಹಾಕಿದವರಲ್ಲಿ ಅವನೊಬ್ಬ ಅನ್ನುವುದೂ ನಿಜ.

ಎರಾಸ್ಮಸ್ ಹುಟ್ಟಿದ್ದು ರಾಟರ್‌ಡ್ಯಾಮಿನಲ್ಲಾದರೂ ಬದುಕೆಲ್ಲ ಊರೂರು ಸುತ್ತಿದ. 1516ರಲ್ಲಿ ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿ, ಮೂಲ ನೋಡಿ ಮಾತಾಡಿ ಅಂತ ಚರ್ಚಿಗೇ ಹೇಳಿದವನು. ರಾಟರ್‌ಡ್ಯಾಮಿನ ಲಾರೆನ್ಸ್ ಚರ್ಚಿನ ಎದುರು ಅವನ ಕಂಚಿನ ಪ್ರತಿಮೆ ಪುಸ್ತಕ ಹಿಡಿದು ನಿಂತಿದೆ. ಗಂಟೆ ಹೊಡೆದಾಗ ಪುಟ ತಿರುವುತ್ತಾನೆ ಅಂತ ಮಕ್ಕಳಿಗೆ ಹೇಳುತ್ತಾರೆ, ನಿನಗೆ ಮಕ್ಕಳಾದರೆ ಕರೆದುಕೊಂಡು ಹೋಗು. ಉಟ್ರೆಕ್ಟ್‌ಗೆ ಹೋದರೆ ಆನ್ನಾ ಮರಿಯಾ ಫಾನ್ ಸ್ಖ್ಯೂರ್ಮನ್‌ಳನ್ನು ನೆನೆಸಿಕೋ. 1636ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಿದ ಮೊದಲ ಹೆಣ್ಣು. ಗಂಡಸರ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕೂತು ಕೇಳಬೇಕಿತ್ತು. ಅಲ್ಲೇ ಕೂತು ಕಲಿತು, ಹೆಣ್ಣುಮಕ್ಕಳಿಗೆ ವಿದ್ಯೆ ಯಾಕೆ ಬೇಕು ಅಂತ ಲ್ಯಾಟಿನ್ನಿನಲ್ಲಿ ವಾದ ಬರೆದಳು. ಗಂಡಸರ ಮೀಟಿಂಗಿನಲ್ಲಿ ಕೂತಾಗ ನನಗೆ ಅವಳ ನೆನಪಾಗುತ್ತದೆ.

‘ಯಾರೂ ಕೇಳುವವರಿಲ್ಲ, ಸಂಜೆಯಾದರೆ ಭಣಭಣ’ ಅಂತ ಬರೆದಿದ್ದೀಯಲ್ಲ, ಅದಕ್ಕೆ ನನ್ನ ಹತ್ತಿರ ಔಷಧಿಯಿಲ್ಲ ತಂಗಿ. ಆ ಒಂಟಿತನ ನಿಜವೇ, ಮೊದಲ ಎರಡು ಚಳಿಗಾಲ ಕಷ್ಟವೇ. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ಇಪ್ಪತ್ತು ವರ್ಷ ಇಲ್ಲಿ ಇದ್ದವನು. ಇಲ್ಲಿ ಎಲ್ಲರೂ ಅವರವರ ವ್ಯಾಪಾರದಲ್ಲಿ ಮುಳುಗಿದ್ದಾರೆ, ಜೀವನವಿಡೀ ಇದ್ದರೂ ಯಾರ ಕಣ್ಣಿಗೂ ಬೀಳದೆ ಇರಬಹುದು ಅಂತ 1631ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಸಂತೋಷಪಟ್ಟು ಬರೆದಿದ್ದ. ಅವನಿಗೆ ವರವಾದದ್ದು ನಿನಗೆ ಈಗ ಶಾಪದಂತೆ ಕಾಣುತ್ತಿದೆ. ನೀನು ಏನು ಉಟ್ಟೆ, ಎಷ್ಟು ಸಂಬಳ, ಇನ್ನೂ ಮಗು ಯಾಕಿಲ್ಲ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ಏನು ಮಾಡಬೇಕು ಅಂತ ನನಗೆ ತಿಳಿಯಲು ವರ್ಷಗಳೇ ಹಿಡಿದವು. ನಾನು ಓದಲು ಶುರುಮಾಡಿದೆ.

ಸದ್ಯಕ್ಕೆ ಒಂದು ಕೆಲಸ ಮಾಡು. ಆಮ್‌ಸ್ಟರ್‌ಡ್ಯಾಮಿನ ಪುರಭವನದ ಪಕ್ಕ, ಕಾಲುವೆಯ ದಡದಲ್ಲಿ, 2008ರಲ್ಲಿ ನಿಲ್ಲಿಸಿದ ಸ್ಪಿನೋಜಾನ ಪ್ರತಿಮೆ ಇದೆ. ಅವನು ಹುಟ್ಟಿ ಬೆಳೆದ, ಬಹಿಷ್ಕಾರ ಹಾಕಿಸಿಕೊಂಡ ಓಣಿಗಳು ಅಲ್ಲೇ ಸುತ್ತಮುತ್ತ. ‘ರಾಜ್ಯದ ಗುರಿ ಸ್ವಾತಂತ್ರ್ಯ’ ಅನ್ನುವ ಅವನ ಮಾತನ್ನು ಪೀಠದ ಮೇಲೆ ಕೆತ್ತಿದ್ದಾರೆ. ಅವನ ನಿಲುವಂಗಿಯನ್ನು ಹತ್ತಿರ ಹೋಗಿ ನೋಡು. ಮೈತುಂಬ ಗುಲಾಬಿ, ಗುಬ್ಬಚ್ಚಿ, ಗಿಳಿ. ಗುಬ್ಬಚ್ಚಿ ಇಲ್ಲಿಯದೇ. ಕೊರಳಲ್ಲಿ ಪಟ್ಟಿಯಿರುವ ಆ ಗಿಳಿ ಮಾತ್ರ ನಮ್ಮ ಊರಿನ ಮಾವಿನ ಮರದ ಗಿಳಿಯ ಜಾತಿಯದೇ, ಪಂಜರದಿಂದ ತಪ್ಪಿಸಿಕೊಂಡು ಈ ಊರಿನ ಪಾರ್ಕುಗಳಲ್ಲಿ ಗೂಡು ಕಟ್ಟಿಕೊಂಡದ್ದು. ನಿನ್ನ ಕಿಟಕಿಯ ಹೊರಗೂ ಕಿರುಚುತ್ತಿರಬಹುದು, ಕಿವಿಗೊಡು.

ಆಮೇಲೆ ರೈನ್ಸ್‌ಬರ್ಗ್‌ಗೆ ಬಾ, ನಾನು ಕರೆದುಕೊಂಡು ಹೋಗುತ್ತೇನೆ. ಲೈಡನ್ ಸ್ಟೇಷನ್ನಿನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ಮಳೆ ಕೋಟು ಮರೆಯಬೇಡ. ಬರುವ ತಿಂಗಳ ಎರಡನೇ ಶನಿವಾರ ನನಗೆ ಬಿಡುವಿದೆ. ನಿನಗೂ ಆಗುತ್ತದೆ ಅಂದರೆ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಮನೆಗೆ ವಾಪಸು ಬಂದ ಮೇಲೆ ನೀರುದೋಸೆ ಮಾಡೋಣ.

ನಿನ್ನ,
ಲೈಡನ್ನಿನ ಅಕ್ಕ