2011ರಲ್ಲಿ ಸೊಮಾಲಿಯಾದ ಕುಟುಂಬಗಳು ಕೀನ್ಯಾಕ್ಕೆ ನಡೆದು ಹೋಗಿದ್ದು ಬರಗಾಲದಿಂದ ಮಾತ್ರವೇ?

ಬರ ಒಂದೇ ಅಲ್ಲ. 2010ರ ಕೊನೆಯ ಮಳೆ ಕೈಕೊಟ್ಟಿತು, 2011ರ ಏಪ್ರಿಲ್ ಹೊತ್ತಿನ ಮಳೆಯೂ ಸರಿಯಾಗಿ ಬರಲಿಲ್ಲ. ದಕ್ಷಿಣ ಸೊಮಾಲಿಯಾದಲ್ಲಿ ಬದುಕು ನಿಂತಿರುವುದೇ ದನ, ಒಂಟೆ, ಆಡು ಮತ್ತು ಜೋಳದ ಮೇಲೆ. ಮೇವಿಲ್ಲದೆ ಜಾನುವಾರು ಸತ್ತವು. ಬದುಕಿದವಕ್ಕೆ ಸಂತೆಯಲ್ಲಿ ಬೆಲೆಯಿಲ್ಲ, ಜೋಳದ ಬೆಲೆ ಮಾತ್ರ ಏರುತ್ತಲೇ ಹೋಯಿತು. ಅಂಗಡಿಯಲ್ಲಿ ಕಾಳು ಇದ್ದರೂ ಕೊಳ್ಳಲು ದುಡ್ಡಿಲ್ಲ. ಬರ ಕ್ಷಾಮವಾಗುವುದು ಹೀಗೆ.

ಜೊತೆಗೆ ಯುದ್ಧ. ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಉಗ್ರ ಸಂಘಟನೆ ಅಲ್-ಶಬಾಬ್ ತನ್ನ ಹಿಡಿತದಲ್ಲಿದ್ದ ಕಡೆ ಹಲವು ನೆರವು ಸಂಸ್ಥೆಗಳನ್ನು ತಡೆದಿತ್ತು. ಊರಿಗೆ ಅನ್ನ ಬರಲಿಲ್ಲ, ಜನರೇ ಅನ್ನ ಹುಡುಕಿಕೊಂಡು ಹೊರಟರು. ವಾರಗಟ್ಟಲೆ ನಡಿಗೆ. ದಾರಿಯಲ್ಲೇ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎಷ್ಟೋ. ಸುಮಾರು 90,000 ಜನಕ್ಕೆಂದು ಕಟ್ಟಿದ್ದ ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರಗಳಲ್ಲಿ ಆ ವರ್ಷ 4 ಲಕ್ಷಕ್ಕೂ ಜಾಸ್ತಿ ಜನ ತುಂಬಿದ್ದರು.

ನನಗೆ ತಡೆಯಲಾಗದ ಸಿಟ್ಟು ಬರುವುದು ಇದಕ್ಕೆ: ಮುನ್ನೆಚ್ಚರಿಕೆ 2010ರಲ್ಲೇ ಸಿಕ್ಕಿತ್ತು. ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ್ದು 2011ರ ಜುಲೈ 20ರಂದು. ದೊಡ್ಡ ಮೊತ್ತದ ಹಣ ಬಂದಿದ್ದು ಆಮೇಲೆ. ಒಟ್ಟು ಸುಮಾರು 2,60,000 ಜನ ಸತ್ತರೆಂದು ನಂತರದ ಅಂದಾಜು. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಬಹಳಷ್ಟು ಜನ ಘೋಷಣೆಗೂ ಮೊದಲೇ ಸತ್ತಿದ್ದರು.