ಫೇಸ್‌ಬುಕ್‌ಗೆ ಹಾಕಿದ ಫೋಟೋ ಯಾರದ್ದು?

ಪ್ರಶ್ನೆ: ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತೆಗೆದ ಜೋಗದ ಫೋಟೋವನ್ನು ಫೇಸ್‌ಬುಕ್‌ಗೆ ಹಾಕಿದ್ದೆ. ಈಗ ಸಾಗರದ ಕಡೆಯ ಹೋಂಸ್ಟೇಯೊಂದು ಅದನ್ನು ತನ್ನ ಕರಪತ್ರದಲ್ಲೂ ಫೇಸ್‌ಬುಕ್ ಪೇಜಿನಲ್ಲೂ ಬಳಸಿಕೊಂಡಿದೆ. ಕೇಳಿದರೆ, ‘ಪಬ್ಲಿಕ್ ಅಂತ ಹಾಕಿದ ಮೇಲೆ ಅದು ಫೇಸ್‌ಬುಕ್‌ನದ್ದು, ನಿಮ್ಮದೇನಿದೆ?’ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಸಂಬಳಕ್ಕೋ ದುಡ್ಡು ಪಡೆದೋ ಇನ್ನೊಬ್ಬರಿಗಾಗಿ ತೆಗೆದದ್ದಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಆ ಫೋಟೋ ಕ್ಲಿಕ್ಕಿಸಿದ ಕ್ಷಣದಿಂದ ನಿಮ್ಮದು. ನೋಂದಣಿ ಕೂಡ ಕಡ್ಡಾಯವಲ್ಲ. ಫೇಸ್‌ಬುಕ್‌ನ ಷರತ್ತುಗಳೂ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಎಂದೇ ಹೇಳುತ್ತವೆ. ನೀವು ಆ ಕಂಪನಿಗೆ ಕೊಟ್ಟಿರುವುದು ಪರವಾನಗಿ ಮಾತ್ರ. ಪಹಣಿ ನಿಮ್ಮ ಹೆಸರಲ್ಲೇ ಇದೆ, ಓಡಾಡಲು ದಾರಿ ಬಿಟ್ಟುಕೊಟ್ಟಿದ್ದೀರಿ, ಅಷ್ಟೆ.

ಆ ದಾರಿ ಸಣ್ಣದೇನಲ್ಲ ಎಂಬುದೂ ಗೊತ್ತಿರಲಿ. ಜಗತ್ತಿನ ಎಲ್ಲೆಡೆ, ನಿಮಗೆ ಸಂಭಾವನೆ ಕೊಡದೆ, ಫೋಟೋವನ್ನು ಇಟ್ಟುಕೊಳ್ಳಲು, ನಕಲು ಮಾಡಲು, ಬದಲಿಸಲು, ತೋರಿಸಲು ಕಂಪನಿಗೆ ಅನುಮತಿಯಿದೆ. ಅದನ್ನು ಬೇರೆಯವರಿಗೆ ದಾಟಿಸುವ ‘ಸಬ್‌ಲೈಸೆನ್ಸ್’ ಅಧಿಕಾರವೂ ಇದೆ. ಹೋಂಸ್ಟೇಯವರ ಗೊಂದಲ ಹುಟ್ಟುವುದು ಇಲ್ಲೇ. ದಾಟಿಸಬೇಕಾದದ್ದು ಕಂಪನಿ, ಡೌನ್‌ಲೋಡ್ ಮಾಡಿಕೊಂಡವರಿಗೆ ಆ ಅನುಮತಿ ತಾನಾಗಿ ಬರುವುದಿಲ್ಲ. ನಿಮ್ಮ ಪೋಸ್ಟನ್ನು ಶೇರ್ ಬಟನ್ ಒತ್ತಿ ಹಂಚಿಕೊಂಡಿದ್ದರೆ ತಕರಾರಿಲ್ಲ. ಇಳಿಸಿಕೊಂಡು ಮತ್ತೆ ತಮ್ಮದೆಂಬಂತೆ ಹಾಕುವುದು, ಅಚ್ಚು ಹಾಕಿಸುವುದು ಬೇರೆ ಮಾತು.

2010ರ ಜನವರಿಯಲ್ಲಿ ಹೈಟಿಯ ಭೂಕಂಪದ ಚಿತ್ರಗಳನ್ನು ಛಾಯಾಗ್ರಾಹಕ ಡೇನಿಯಲ್ ಮೊರೆಲ್ ಟ್ವಿಟರ್‌ನಲ್ಲಿ ಹಂಚಿಕೊಂಡಾಗ, ಎಎಫ್‌ಪಿ ಸುದ್ದಿಸಂಸ್ಥೆ ಅವನ್ನು ಎತ್ತಿಕೊಂಡು ಹಂಚಿತು. ಟ್ವಿಟರ್ ಷರತ್ತುಗಳೇ ತನಗೆ ಅನುಮತಿ ಕೊಟ್ಟಿವೆ ಎಂಬ ಅದರ ವಾದವನ್ನು ನ್ಯೂಯಾರ್ಕ್‌ನ ನ್ಯಾಯಾಲಯ 2013ರಲ್ಲಿ ಒಪ್ಪಲಿಲ್ಲ. ಎಎಫ್‌ಪಿ ಮತ್ತು ಚಿತ್ರಗಳನ್ನು ಮಾರುವ ಗೆಟ್ಟಿ ಇಮೇಜಸ್ ಕಂಪನಿ ಸೇರಿ ಸುಮಾರು 12 ಲಕ್ಷ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿತು. ಅಮೆರಿಕದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ನಿಮಗೆ ಹೋಂಸ್ಟೇಯವರು ಹೇಳುತ್ತಿರುವ ವಾದ ಅದೇ.

ಈಗ ಮಾಡಬೇಕಾದದ್ದು. ಸಿಟ್ಟಿನಲ್ಲಿ ನಿಮ್ಮ ಹಳೇ ಪೋಸ್ಟನ್ನು ಡಿಲೀಟ್ ಮಾಡಲೇಬೇಡಿ. ಬಹಳ ಜನ ಎಡವುವುದು ಇಲ್ಲೇ. ಮೊದಲು ಹಾಕಿದವರು ನೀವೇ ಎನ್ನಲು ಅದರ ಮೇಲಿರುವ ತಾರೀಖೇ ಸಾಕ್ಷಿ. ಕ್ಯಾಮೆರಾದ ಮೂಲ ಫೈಲನ್ನು, ಆಚೀಚಿನ ಫ್ರೇಮುಗಳ ಸಮೇತ, ಬೇರೆ ಡಿಸ್ಕಿಗೆ ನಕಲು ಮಾಡಿ. ಫೇಸ್‌ಬುಕ್‌ನಿಂದ ಇಳಿಸಿಕೊಂಡ ಪ್ರತಿಯಲ್ಲಿ ಕ್ಯಾಮೆರಾದ ವಿವರ ಉಳಿದಿರುವುದಿಲ್ಲ. ಹೋಂಸ್ಟೇ ಪೇಜಿನ ಸ್ಕ್ರೀನ್‌ಶಾಟ್‌ನಲ್ಲಿ ವಿಳಾಸದ ಸಾಲು, ತಾರೀಖು ಕಾಣುವಂತಿರಲಿ. ಕರಪತ್ರದ ಒಂದು ಪ್ರತಿ ಕೈಯಲ್ಲಿರಲಿ.

ಪೇಜಿನಲ್ಲಿರುವುದನ್ನು ತೆಗೆಸಲು ಫೇಸ್‌ಬುಕ್‌ನ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ‘ಸ್ಪ್ಯಾಮ್’ ಎಂದು ರಿಪೋರ್ಟ್ ಒತ್ತಿದರೆ ಅದು ಹಕ್ಕುಸ್ವಾಮ್ಯದ ದೂರಾಗುವುದಿಲ್ಲ. ನಿಮ್ಮ ಪೋಸ್ಟಿನ ಲಿಂಕ್, ಅವರ ಪೋಸ್ಟಿನ ಲಿಂಕ್ ಎರಡನ್ನೂ ಕೊಡಿ. ನಮ್ಮ ಹಕ್ಕುಸ್ವಾಮ್ಯ ನಿಯಮಗಳಲ್ಲಿ, ಸರಿಯಾದ ಲಿಖಿತ ದೂರು ಒಪ್ಪಿದ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕೆಂದಿದೆ. 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಕರಪತ್ರಕ್ಕೆ ಈ ಫಾರ್ಮ್ ಉಪಯೋಗವಿಲ್ಲ. ಅದಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ಎಷ್ಟು ಸಂಭಾವನೆ ಬೇಕೆಂದು ಅಂಕಿಯಲ್ಲೇ ಬರೆಯಿರಿ. ದಾವೆವರೆಗೆ ಹೋದರೆ, ಕಾಯ್ದೆಯ 62ನೇ ಸೆಕ್ಷನ್ ನೀವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಲು ಅವಕಾಶ ಕೊಡುತ್ತದೆ.

ಪ್ರಶ್ನೆ: ಕಥೆಗಳ ಆ್ಯಪ್ ಒಂದರಲ್ಲಿ ನನ್ನ 14 ಕಥೆಗಳಿವೆ. ಅವನ್ನು ಸಂಕಲನವಾಗಿ ತರಬಹುದೇ?

ಉತ್ತರ: ಷರತ್ತುಗಳ ಪುಟ ತೆರೆದು, ಪುಟದೊಳಗೆ ಹುಡುಕುವ ಸೌಲಭ್ಯದಲ್ಲಿ ‘ಎಕ್ಸ್‌ಕ್ಲೂಸಿವ್’ ಪದ ಹುಡುಕಿ. ಹಿಂದೆ ‘ನಾನ್’ ಇದ್ದರೆ ನಿರಾಳವಾಗಿ ಪುಸ್ತಕ ಮಾಡಿ. ಇಲ್ಲದಿದ್ದರೆ ನಿಲ್ಲಿ: ಅವರು ಬಿಟ್ಟು ಬೇರಾರೂ ಪ್ರಕಟಿಸುವಂತಿಲ್ಲ ಎಂದರ್ಥ, ನೀವೂ ಸೇರಿ. ಆಮೇಲೆ ‘ಅಸೈನ್’ ಹುಡುಕಿ. ಅದು ಪರವಾನಗಿಯಲ್ಲ, ಹಕ್ಕನ್ನೇ ಬರೆದುಕೊಡುವುದು. ಕಥಾಸ್ಪರ್ಧೆಯ ನಿಯಮಗಳಲ್ಲಿ ‘ಎಲ್ಲ ಹಕ್ಕು ಸಂಘಟಕರದ್ದು’ ಎಂಬ ಒಂದೇ ಸಾಲಿನಲ್ಲಿ ಇದು ನುಸುಳಿರುತ್ತದೆ. ಬಹುಮಾನದ ಆಸೆಗೆ ಅಂಥಲ್ಲಿಗೆ ಒಳ್ಳೆಯ ಕಥೆ ಕಳಿಸಬೇಡಿ.

ಹಕ್ಕು ಬರೆದುಕೊಡುವ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಕಾಯ್ದೆಯ 19ನೇ ಸೆಕ್ಷನ್ ಭಾವಿಸುತ್ತದೆ. 30ಎ ಸೆಕ್ಷನ್ ಮೂಲಕ ಇದು ಪರವಾನಗಿಗೂ ಅನ್ವಯ. ಆದರೆ ‘ಶಾಶ್ವತ, ವಿಶ್ವವ್ಯಾಪಿ’ ಎಂದು ಷರತ್ತಿನಲ್ಲೇ ಬರೆದಿದ್ದರೆ ಈ ಆಸರೆ ಸಿಗದು. ನೀವು ಖಾತೆ ತೆರೆದ ದಿನದ ಷರತ್ತುಗಳನ್ನೂ ಇವತ್ತಿನವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ, ಪ್ರಕಾಶಕರು ಕೇಳುತ್ತಾರೆ.

ಪ್ರಶ್ನೆ: ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದ ದೇವಸ್ಥಾನದ ಫೋಟೋ ವಾಪಸ್ ಪಡೆಯಬಹುದೇ?

ಉತ್ತರ: ಅಪ್‌ಲೋಡ್ ಮಾಡಿ 7 ದಿನದೊಳಗಿದ್ದು, ಎಲ್ಲೂ ಬಳಕೆಯಾಗಿರದಿದ್ದರೆ ಅಳಿಸಲು ಕೋರಬಹುದು. ಆಮೇಲೆ ಕಷ್ಟ. ಅಲ್ಲಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು (ಷರತ್ತು ಪಾಲಿಸಿದ ಯಾರಿಗಾದರೂ ಬಳಸಲು ಮುಂಚೆಯೇ ಕೊಟ್ಟ ಅನುಮತಿ) ಹಿಂಪಡೆಯಲಾಗದು, ವ್ಯಾಪಾರಕ್ಕೂ ಬಳಸಬಹುದು. ಆದರೆ ನಿಮ್ಮ ಹೆಸರು ಹಾಕಲೇಬೇಕು. ಹಾಕದಿದ್ದರೆ ಬಳಸಿದವರ ಪರವಾನಗಿ ರದ್ದಾಗುತ್ತದೆ. ಪರವಾನಗಿಯ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿಕೊಂಡರೆ ಮರಳಿ ಸಿಗುತ್ತದೆ. ಹಾಗಾಗಿ ಅವರಿಗೆ ಕಳಿಸುವ ಮೊದಲ ಪತ್ರದಲ್ಲಿ ‘ತೆಗೆದುಹಾಕಿ’ ಎನ್ನದೆ ‘ಹೆಸರು, ಪರವಾನಗಿ ನಮೂದಿಸಿ’ ಎಂದು ಬರೆಯಿರಿ.